ಗ್ನೂಪ್ಲಾಟ್‌ನ ರೇಖಾಚಿತ್ರಗಳನ್ನು ವರ್ಡ್ ಕಡತದಲ್ಲಿ ವೆಕ್ಟರ್ ರೂಪದಲ್ಲಿಯೇ ಉಳಿಸಿಕೊಳ್ಳುವ ಬಗೆ

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಮುಂಗಾರಿಗೆ ಮೊದಲು ಮತ್ತು ಹಿಂಗಾರಿನ ಬಳಿಕ ಹೇಗೆ ಏರಿಳಿಯುತ್ತದೆ ಎಂಬುದನ್ನು ಕುರಿತು ಕನ್ನಡದಲ್ಲಿ ಮಹಾಪ್ರಬಂಧ ಬರೆಯುತ್ತಿದ್ದೇನೆ. ದತ್ತಾಂಶದ ಕೆಲಸವನ್ನೆಲ್ಲ ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತೇನೆ. ರೇಖಾಚಿತ್ರಗಳನ್ನು ಗ್ನೂಪ್ಲಾಟ್ ಎಂಬ ತಂತ್ರಾಂಶದಲ್ಲಿ ಆಜ್ಞೆ ಕೊಟ್ಟು ರಚಿಸುತ್ತೇನೆ. ಪ್ರಬಂಧದ ಪಠ್ಯ ಮಾತ್ರ ವರ್ಡ್ ಕಡತದಲ್ಲಿದೆ. ಮಾರ್ಗದರ್ಶಕರು ತಮ್ಮ ತಿದ್ದುಪಡಿಗಳನ್ನೆಲ್ಲ ಟ್ರ್ಯಾಕ್ ಚೇಂಜಸ್ ಮೂಲಕವೇ ಸೂಚಿಸುವುದರಿಂದ ಲೇಟೆಕ್ ಎಂಬ ಬೇರೆ ಅಕ್ಷರಜೋಡಣೆ ವ್ಯವಸ್ಥೆಗೆ ಹೋಗುವ ಮಾತೇ ಇಲ್ಲ. ದಯವಿಟ್ಟು ಆ ಸಲಹೆಯನ್ನು ಕೊಡಬೇಡಿ.

ತೊಂದರೆ ಇಷ್ಟು. ರೇಖಾಚಿತ್ರವನ್ನು ಬಿಂದುಗಳಿಂದಾದ ಪಿಎನ್‌ಜಿ ಚಿತ್ರವಾಗಿ ಸೇರಿಸಿದರೆ ಪರದೆಯ ಮೇಲೆ ಪರವಾಗಿಲ್ಲ ಎನ್ನಿಸುತ್ತದೆ, ಆದರೆ ಎ4 ಹಾಳೆಯಲ್ಲಿ ಮುದ್ರಿಸಿದಾಗ ಅಕ್ಷದ ಅಂಕಿಗಳ ಅಂಚು ಕದಡಿದಂತೆ ಕಾಣುತ್ತದೆ. ಪತ್ರಿಕೆಗಳಿಗೆ ಇಪಿಎಸ್ ಕಳುಹಿಸುವುದು ರೂಢಿಯೆಂದು ಕೇಳಿ ಅದನ್ನು ಬಳಸಿದರೆ, ಮಾರ್ಗದರ್ಶಕರ ವರ್ಡ್ ಆ ಕಡತವನ್ನು ಸೇರಿಸಿಕೊಳ್ಳುವುದಕ್ಕೇ ಒಪ್ಪುವುದಿಲ್ಲ. ಪಿಡಿಎಫ್ ಆಗಿ ಸೇರಿಸಿದರೆ ಅದು ಚಿತ್ರವಾಗಿ ಬರುವುದಿಲ್ಲ, ಒಂದು ಆಬ್ಜೆಕ್ಟ್ ಆಗಿ ಕುಳಿತುಕೊಳ್ಳುತ್ತದೆ. ಎಸ್‌ವಿಜಿ ಎಂಬ ವೆಕ್ಟರ್ ರೂಪ ನನ್ನ ಕಡೆಯ ಲಿಬ್ರೆಆಫೀಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದೇ ಕಡತವನ್ನು ಅವರಿಗೆ ಕಳುಹಿಸಿದಾಗ ಮತ್ತೆ ಮಸುಕಾಗಿರುತ್ತದೆ.

ಇದರ ಜೊತೆಗೆ ಅಕ್ಷಗಳ ಹೆಸರುಗಳು ಕನ್ನಡದಲ್ಲಿವೆ: ‘ನೆಲಮಟ್ಟದಿಂದ ಆಳ’, ‘ಮುಂಗಾರು ಪೂರ್ವ’, ‘ಸೆಪ್ಟೆಂಬರ್’ ಇತ್ಯಾದಿ. ಕೆಲವು ರೂಪಗಳಲ್ಲಿ ಒತ್ತಕ್ಷರಗಳು ಒಡೆದು, ಅರ್ಕಾವೊತ್ತು ಬರಬೇಕಾದಲ್ಲಿ ‘ರ’ಕಾರ ಮತ್ತು ವಿರಾಮ (ಹಲಂತ) ಚಿಹ್ನೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇನ್ನೊಂದು ಚಿತ್ರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಿಂದುಗಳಿದ್ದು, ಅದರ ಎಸ್‌ವಿಜಿ ಸೇರಿಸಿದರೆ ಕಡತ ತೆರೆಯುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ವಿಂಡೋಸ್‌ನ ವರ್ಡ್ ಮತ್ತು ಲಿನಕ್ಸ್‌ನ ಲಿಬ್ರೆಆಫೀಸ್ ಎರಡರಲ್ಲಿಯೂ ಗೆರೆಗಳು ಬಿಂದುಗಳಾಗಿ ಒಡೆಯದೆ ಗೆರೆಗಳಾಗಿಯೇ (ವೆಕ್ಟರ್ ರೂಪದಲ್ಲಿ) ಉಳಿಯುವಂಥ ದಾರಿ ಯಾವುದು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ತಾಂತ್ರಿಕ ಬರಹಗಾರ, ಜಯನಗರ

ನಿಮ್ಮ ವಿವರಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗ್ನೂಪ್ಲಾಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅಲ್ಲಿಂದ ಹೊರಟ ಚಿತ್ರ ವರ್ಡ್ ಮೂಲಕ ಮುದ್ರಣಕ್ಕೆ ಹೋಗುವ ದಾರಿಯಲ್ಲಿ ಯಾವುದೋ ಒಂದು ಕೈಬದಲಿನಲ್ಲಿ ಗೆರೆಗಳು ಬಿಂದುಗಳಾಗಿ ಮಾರ್ಪಡುತ್ತಿವೆ. ಆ ಕೈಬದಲು ಯಾವುದೆಂದು ಗುರುತಿಸದೆ ಒಂದರ ಮೇಲೊಂದು ರೂಪವನ್ನು ಪರೀಕ್ಷಿಸುತ್ತ ಹೋದರೆ ಕೆಲಸ ಮುಗಿಯುವುದಿಲ್ಲ.

ಮೊದಲು ಇಪಿಎಸ್ ವಿಷಯ. ಅದಕ್ಕೆ ಆಧಾರವಾದ ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಚಿತ್ರದ ರೂಪವಷ್ಟೇ ಅಲ್ಲ, ಪೂರ್ಣ ಪ್ರಮಾಣದ ಪ್ರೋಗ್ರಾಮಿಂಗ್ ಭಾಷೆ. ಇಪಿಎಸ್ ಕಡತವನ್ನು ತೋರಿಸಬೇಕೆಂದರೆ ಅದರೊಳಗಿನ ಆಜ್ಞೆಗಳನ್ನು ನಡೆಸಲೇಬೇಕು. ಹೀಗೆ ನಡೆಸುವ ಭಾಗದಲ್ಲಿದ್ದ ದೋಷಗಳನ್ನು ಬಳಸಿಕೊಂಡು ದಾಳಿಗಳು ನಡೆದ ಕಾರಣ, 2017ರ ಏಪ್ರಿಲ್‌ನ ಭದ್ರತಾ ಪರಿಷ್ಕರಣೆಯಲ್ಲಿ ಮೈಕ್ರೋಸಾಫ್ಟ್ ಆಫೀಸ್‌ನ ಇಪಿಎಸ್ ಫಿಲ್ಟರನ್ನು ನಿಷ್ಕ್ರಿಯಗೊಳಿಸಿತು. 2018ರಲ್ಲಿ ಸೇರಿಸುವ ಸೌಲಭ್ಯವನ್ನೇ ತೆಗೆಯಿತು. ಇನ್ನೂ ಹಳೆಯ ವರ್ಡ್‌ಗಳಲ್ಲಿ ಇಪಿಎಸ್ ಬಳಸುತ್ತಿದ್ದವರು ಬಹುಪಾಲು ನೋಡುತ್ತಿದ್ದುದು ಕಡತಕ್ಕೆ ಅಂಟಿಸಿದ ಟಿಫ್ ಅಥವಾ ಡಬ್ಲ್ಯುಎಂಎಫ್ ಮುನ್ನೋಟವನ್ನು. ಅಸಲಿ ಗೆರೆಗಳು ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಮುದ್ರಕದಲ್ಲಿ ಮಾತ್ರ ಕಾಣುತ್ತಿದ್ದವು. ಆದ್ದರಿಂದ ಇಪಿಎಸ್‌ಗೆ ಮುನ್ನೋಟ ಸೇರಿಸಿ ಎನ್ನುವ ಹಳೆಯ ಸಲಹೆಗಳು ಎಲ್ಲಿಯಾದರೂ ಸಿಕ್ಕಿದರೆ ಅವುಗಳ ಹಿಂದೆ ಹೋಗಬೇಡಿ. ಆ ದಾರಿ ಮುಚ್ಚಿಹೋಗಿದೆ.

ಪಿಎನ್‌ಜಿ ಮಸುಕಾಗುವುದಕ್ಕೆ ಕಾರಣ ಸರಳ ಲೆಕ್ಕ. 640 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಳೆಯಲ್ಲಿ 16 ಸೆಂ.ಮೀ. ಅಗಲಕ್ಕೆ ಹಿಗ್ಗಿಸಿದರೆ ಪ್ರತಿ ಅಂಗುಲಕ್ಕೆ ಸುಮಾರು 100 ಬಿಂದುಗಳಷ್ಟೇ ಸಿಗುತ್ತವೆ. ಪರದೆಗೆ ಇದು ಸಾಕು, ಮುದ್ರಣಕ್ಕೆ ಸಾಲದು.

ಉಳಿಯುವುದು ಎರಡು ರೂಪಗಳು, ಎಸ್‌ವಿಜಿ ಮತ್ತು ಇಎಂಎಫ್. ಎಸ್‌ವಿಜಿ 2001ರಿಂದ ವೆಬ್‌ನ ಅಂಗೀಕೃತ ಮಾನಕ. ಆದರೆ ವರ್ಡ್ ಅದನ್ನು ಸ್ವೀಕರಿಸಲು ಆರಂಭಿಸಿದ್ದು ಬಹಳ ತಡವಾಗಿ. ಚಂದಾ ರೂಪದ ಆಫೀಸ್ 365 ಮತ್ತು ಒಮ್ಮೆಗೇ ಕೊಳ್ಳುವ ಆಫೀಸ್ 2019 ಹಾಗೂ ಅನಂತರದ ಆವೃತ್ತಿಗಳಲ್ಲಿ ಎಸ್‌ವಿಜಿಯನ್ನು ನೇರವಾಗಿ ಸೇರಿಸಬಹುದು. ಹಾಗೆ ಸೇರಿಸಿದಾಗ ವರ್ಡ್ ತನ್ನ ಕಡತದೊಳಗೆ ಎಸ್‌ವಿಜಿಯ ಜೊತೆಗೆ ಅದರದೊಂದು ಪಿಎನ್‌ಜಿ ಪ್ರತಿಯನ್ನೂ ಇಡುತ್ತದೆ. ಎಸ್‌ವಿಜಿ ತಿಳಿಯದ ಹಳೆಯ ವರ್ಡ್ ಆ ಕಡತವನ್ನು ತೆರೆದಾಗ ಯಾವ ದೂರನ್ನೂ ಹೇಳದೆ ಪಿಎನ್‌ಜಿಯನ್ನು ತೋರಿಸುತ್ತದೆ. ನಿಮ್ಮ ಮಾರ್ಗದರ್ಶಕರ ಕಡೆ ಆಗುತ್ತಿರುವುದು ಇದೇ ಇರಬಹುದು. ಲಿಬ್ರೆಆಫೀಸ್‌ನ ಹಳೆಯ ಆವೃತ್ತಿಗಳಲ್ಲಿ ಡಾಕ್ಸ್ (ವರ್ಡ್ ಕಡತ) ಆಗಿ ಉಳಿಸುವ ಹಂತದಲ್ಲಿಯೇ ಎಸ್‌ವಿಜಿ ಪಿಎನ್‌ಜಿ ಆಗುವ ಸಾಧ್ಯತೆಯೂ ಇದೆ.

ಇಎಂಎಫ್ ವಿಂಡೋಸ್‌ನದೇ ಕೂಸು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದ ಇರುವ ಈ ರೂಪವನ್ನು ಸಾಕಷ್ಟು ಹಳೆಯ ವರ್ಡ್ ಕೂಡ ಬಲ್ಲದು, ಲಿಬ್ರೆಆಫೀಸ್ ಕೂಡ ತೆರೆಯುತ್ತದೆ. ಆದರೆ ಅದಕ್ಕೆ ತನ್ನದೇ ಮಿತಿಗಳಿವೆ. ಮೂಲ ಇಎಂಎಫ್‌ನಲ್ಲಿ ಗೆರೆಗಳಿಗೆ ಮತ್ತು ತುಂಬುಬಣ್ಣಗಳಿಗೆ ಪಾರದರ್ಶಕತೆ ಇಲ್ಲ. ನಿರ್ದೇಶಾಂಕಗಳು ಪೂರ್ಣಾಂಕಗಳಾಗಿರುವುದರಿಂದ, ಪರಿವರ್ತಿಸುವ ತಂತ್ರಾಂಶ ಒರಟು ಅಳತೆಯನ್ನು ಆಯ್ದುಕೊಂಡರೆ ನಯವಾದ ವಕ್ರರೇಖೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇಎಂಎಫ್ ಪ್ಲಸ್ ಎಂಬ ಮುಂದಿನ ರೂಪದಲ್ಲಿ ಪಾರದರ್ಶಕತೆ ಬಂದಿತಾದರೂ ಅದನ್ನು ಎಲ್ಲ ತಂತ್ರಾಂಶಗಳೂ ಒಂದೇ ರೀತಿ ತೋರಿಸುವುದಿಲ್ಲ.

ಹಾಗಾಗಿ ಉತ್ತರ ಮಾರ್ಗದರ್ಶಕರ ಬಳಿ ಇರುವ ವರ್ಡ್ ಯಾವ ಆವೃತ್ತಿ ಎಂಬುದರ ಮೇಲೆ ನಿಂತಿದೆ. ಪ್ರಬಂಧವನ್ನು ಕೊನೆಗೆ ಯಾವ ರೂಪದಲ್ಲಿ ಒಪ್ಪಿಸಬೇಕು ಎಂಬುದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು

ವಿವರವಾದ ಉತ್ತರಕ್ಕೆ ಧನ್ಯವಾದಗಳು, ಸರ್. ಮಾರ್ಗದರ್ಶಕರ ಬಳಿ ಇರುವುದು ಒಮ್ಮೆಗೇ ಕೊಂಡ ವರ್ಡ್ 2016; ಅದನ್ನು ಬದಲಾಯಿಸಿ ಎಂದು ನಾನು ಹೇಳುವ ಹಾಗಿಲ್ಲ. ಪ್ರಬಂಧದ ಮುದ್ರಿತ ಪ್ರತಿಗಳ ಜೊತೆಗೆ ಮಹಾಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾಕ್ಕೆ ಸೇರಿಸಲು ಪಿಡಿಎಫ್ ಕೂಡ ಕೊಡಬೇಕು. ಚಿತ್ರಗಳಲ್ಲಿ ಎರಡು ಕಡೆ ಮಾತ್ರ, ಅನಿಶ್ಚಿತತೆಯ ಪಟ್ಟಿಯನ್ನು ತೋರಿಸಲು, ತಿಳಿಯಾದ ಪಾರದರ್ಶಕ ನೀಲಿಯನ್ನು ಬಳಸಿದ್ದೇನೆ. ಉಳಿದವೆಲ್ಲ ಸಾದಾ ಗೆರೆಗಳು ಮತ್ತು ಚಿಹ್ನೆಗಳು.

ಉತ್ತರ 2: ತಾಂತ್ರಿಕ ಬರಹಗಾರ, ಜಯನಗರ

ವರ್ಡ್ 2016ರ ಆ ಆವೃತ್ತಿಗೆ ಎಸ್‌ವಿಜಿ ಬರುವುದಿಲ್ಲ. ಹಾಗಾದರೆ ನಿಮಗೆ ಇಎಂಎಫ್ ಒಂದೇ ದಾರಿ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗಣಕಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕೆಂದು ಬೇರೆ ಹೇಳಬೇಕಾಗಿಲ್ಲ.)

ಗ್ನೂಪ್ಲಾಟ್‌ನಲ್ಲಿ ಇಎಂಎಫ್ ಟರ್ಮಿನಲ್ (ಆ ರೂಪದಲ್ಲಿ ಚಿತ್ರ ಬರೆಯುವ ಭಾಗ) ಅಂತರ್ಗತವಾಗಿಯೇ ಇದೆ: ‘ಸೆಟ್ ಟರ್ಮಿನಲ್ ಇಎಂಎಫ್ ಎನ್‌ಹಾನ್ಸ್‌ಡ್ ಫಾಂಟ್ "ಏರಿಯಲ್,20" ಲೈನ್‌ವಿಡ್ತ್ 2’. ಗಾತ್ರವನ್ನು ಹೇಳದಿದ್ದರೆ 1024 ಮತ್ತು 768 ಎಂಬ ಅಳತೆಯನ್ನು ಅದೇ ತೆಗೆದುಕೊಳ್ಳುತ್ತದೆ. ಅಂಕಿಗಳು ಮತ್ತು ಇಂಗ್ಲಿಷ್ ಹೆಸರುಗಳು ಮಾತ್ರ ಇರುವ ಚಿತ್ರಗಳಿಗೆ ಇಷ್ಟೇ ಸಾಕು. ಕನ್ನಡ ಹೆಸರುಗಳಿರುವ ಚಿತ್ರಗಳಿಗೆ ನಾನು ನೇರ ಇಎಂಎಫ್ ಸೂಚಿಸುವುದಿಲ್ಲ. ಮೊದಲು ಎಸ್‌ವಿಜಿ ಬರೆಸಿ, ಅದನ್ನು ಇಂಕ್‌ಸ್ಕೇಪ್ ಎಂಬ ವೆಕ್ಟರ್ ಚಿತ್ರಗಳ ತಂತ್ರಾಂಶದ ಮೂಲಕ ಇಎಂಎಫ್ ಮಾಡುವುದು ಒಳ್ಳೆಯದು. ಇಂಕ್‌ಸ್ಕೇಪ್ 1.0 ಮತ್ತು ಅನಂತರದ ಆವೃತ್ತಿಗಳಲ್ಲಿ ‘ಎಕ್ಸ್‌ಪೋರ್ಟ್ ಟೈಪ್’ ಆಯ್ಕೆಗೆ ಇಎಂಎಫ್ ಎಂದು ಕೊಟ್ಟು, ಜೊತೆಗೆ ‘ಎಕ್ಸ್‌ಪೋರ್ಟ್ ಟೆಕ್ಸ್ಟ್ ಟು ಪಾತ್’ ಎಂಬುದನ್ನೂ ಸೇರಿಸಬೇಕು. 0.92ರ ಕಾಲದಲ್ಲಿ ‘ಎಕ್ಸ್‌ಪೋರ್ಟ್ ಇಎಂಎಫ್’ ಎಂಬ ಬೇರೆಯೇ ಆಯ್ಕೆ ಇತ್ತು. ಹುಡುಕಿದಾಗ ಸಿಗುವ ಅನೇಕ ಉತ್ತರಗಳು ಆ ಕಾಲದವು, ಆದ್ದರಿಂದ ಅವನ್ನು ಹಾಗೆಯೇ ನಕಲು ಮಾಡಿದರೆ ದೋಷ ಬರುತ್ತದೆ.

ಗ್ನೂಪ್ಲಾಟ್‌ನಲ್ಲಿ ಎಸ್‌ವಿಜಿ ಬರೆಸುವಾಗ ಮೂರು ವಿಷಯಗಳನ್ನು ನೋಡಿಕೊಳ್ಳಿ. ‘ಮೌಸ್’ ಆಯ್ಕೆಯನ್ನು ಕೊಡಬೇಡಿ. ಅದು ಬ್ರೌಸರ್‌ಗಾಗಿ ಜಾವಾಸ್ಕ್ರಿಪ್ಟ್ ಸೇರಿಸುತ್ತದೆ, ದಾಖಲೆಗೆ ಅದರಿಂದ ಪ್ರಯೋಜನವಿಲ್ಲ. ‘ಡೈನಾಮಿಕ್’ ಬದಲು ‘ಫಿಕ್ಸ್‌ಡ್’ ಇರಲಿ, ಆಗ ಚಿತ್ರಕ್ಕೆ ಒಂದು ನಿಶ್ಚಿತ ಗಾತ್ರ ಇರುತ್ತದೆ. ಕೊನೆಯಲ್ಲಿ ‘ಅನ್‌ಸೆಟ್ ಔಟ್‌ಪುಟ್’ ಎಂದು ಮರೆಯದೆ ಕೊಡಿ. ಇಲ್ಲದಿದ್ದರೆ ಕಡತದ ಮುಕ್ತಾಯದ ಟ್ಯಾಗ್ ಬರೆಯದೆ ಉಳಿದು, ಇಂಕ್‌ಸ್ಕೇಪ್ ಅದನ್ನು ಹಾಳಾದ ಕಡತವೆಂದು ತಿರಸ್ಕರಿಸುತ್ತದೆ.

ಅಕ್ಷರದ ಗಾತ್ರದ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಪ್ರಬಂಧಗಳಲ್ಲಿ ಕಣ್ಣಿಗೆ ಹೊಡೆಯುವ ದೋಷ ಇದೇ. ಗ್ನೂಪ್ಲಾಟ್‌ನ ಎಸ್‌ವಿಜಿ 600 ಪಿಕ್ಸೆಲ್ ಅಗಲವಿದ್ದರೆ, ಅಂಗುಲಕ್ಕೆ 96 ಪಿಕ್ಸೆಲ್ ಎಂಬ ಲೆಕ್ಕದಲ್ಲಿ ಅದು 15.9 ಸೆಂ.ಮೀ. ಆಗುತ್ತದೆ. ಎ4 ಹಾಳೆಯಲ್ಲಿ ಎರಡೂ ಕಡೆಯ ಅಂಚನ್ನು ಬಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಅಗಲ ಸಿಗುತ್ತದೆ. ಅದರಲ್ಲಿ 12 ಎಂದು ಕೊಟ್ಟ ಅಕ್ಷರ 12 ಪಾಯಿಂಟ್ ಅಲ್ಲ, 12 ಪಿಕ್ಸೆಲ್. ಎಂದರೆ ಹಾಳೆಯ ಮೇಲೆ 9 ಪಾಯಿಂಟ್. ಚಿತ್ರವನ್ನು ಕೊನೆಗೆ ಯಾವ ಅಗಲದಲ್ಲಿ ಇಡುತ್ತೀರೋ ಅದೇ ಅಗಲದಲ್ಲಿ ಬರೆಸಿ, ವರ್ಡ್‌ನೊಳಗೆ ಮೂಲೆ ಹಿಡಿದು ಎಳೆಯುವುದನ್ನು ಬಿಟ್ಟುಬಿಡಿ. ವೆಕ್ಟರ್ ಚಿತ್ರ ಎಷ್ಟು ಎಳೆದರೂ ಮಸುಕಾಗುವುದಿಲ್ಲ ನಿಜ, ಆದರೆ ಒಂದೇ ಅಧ್ಯಾಯದಲ್ಲಿ ಒಂದು ಚಿತ್ರದ ಅಕ್ಷರ 6 ಪಾಯಿಂಟ್, ಇನ್ನೊಂದರದು 11 ಪಾಯಿಂಟ್ ಆಗಿಬಿಡುತ್ತದೆ.

ಆ ಪಾರದರ್ಶಕ ನೀಲಿಗೆ ಬದಲಾಗಿ, ಬಿಳಿಯ ಮೇಲೆ ಹಾಗೆಯೇ ಕಾಣುವ ತಿಳಿನೀಲಿಯನ್ನು ಅಪಾರದರ್ಶಕವಾಗಿ ತುಂಬಿ, ಅದನ್ನು ಮೊದಲು ಬರೆಸಿ, ಗೆರೆಯನ್ನು ಅದರ ಮೇಲೆ ಬರೆಸಿ. ‘ಪ್ಲಾಟ್’ ಆಜ್ಞೆಯಲ್ಲಿ ಯಾವುದು ಮೊದಲು ಬರುತ್ತದೆಯೋ ಅದು ಕೆಳಗೆ ಹೋಗುತ್ತದೆ. ಎರಡು ಪಟ್ಟಿಗಳು ಒಂದರ ಮೇಲೊಂದು ಬಂದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಇನ್ನು ಪರೀಕ್ಷೆ. ಡಾಕ್ಸ್ ಕಡತ ಎಂದರೆ ಒಂದು ಜಿಪ್ ಪೊಟ್ಟಣ. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿದರೆ ‘ವರ್ಡ್’ ಎಂಬ ಫೋಲ್ಡರ್‌ನೊಳಗೆ ‘ಮೀಡಿಯಾ’ ಎಂಬ ಇನ್ನೊಂದು ಫೋಲ್ಡರ್ ಸಿಗುತ್ತದೆ. ಅಲ್ಲಿ ನಿಮ್ಮ ಚಿತ್ರ ಇಎಂಎಫ್ ಆಗಿದ್ದರೆ ಸರಿ. ಪಿಎನ್‌ಜಿ ಮಾತ್ರ ಇದ್ದರೆ ಗೆರೆಗಳು ಆಗಲೇ ಹೋಗಿವೆ. ಲಿಬ್ರೆಆಫೀಸ್‌ನಲ್ಲಿ ಒಮ್ಮೆ ಉಳಿಸಿದ ಮೇಲೆ ಒಂದು ಸಲ, ಮಾರ್ಗದರ್ಶಕರಿಂದ ಮರಳಿ ಬಂದ ಮೇಲೆ ಇನ್ನೊಂದು ಸಲ ನೋಡಿದರೆ ಯಾವ ಕೈಯಲ್ಲಿ ಬದಲಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಅಂತಿಮ ಪಿಡಿಎಫ್‌ಗೆ ಉಬುಂಟುವಿನಲ್ಲಿ ‘ಪಿಡಿಎಫ್‌ಇಮೇಜಸ್’ ಆಜ್ಞೆಯನ್ನು ‘ಲಿಸ್ಟ್’ ಆಯ್ಕೆಯೊಂದಿಗೆ ಕೊಡಿ. ಅದು ಪಿಡಿಎಫ್‌ನಲ್ಲಿರುವ ಬಿಂದುಚಿತ್ರಗಳನ್ನು (ಪಿಎನ್‌ಜಿಯಂಥವನ್ನು) ಮಾತ್ರ ಪಟ್ಟಿ ಮಾಡುತ್ತದೆ. ರೇಖಾಚಿತ್ರ ಇರುವ ಪುಟ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ಕೆಲಸ ಆಗಿದೆ ಎಂದರ್ಥ.

ಉತ್ತರ 3: ಕನ್ನಡ ಫಾಂಟ್‌ಗಳಲ್ಲಿ ಆಸಕ್ತ, ಮಲ್ಲೇಶ್ವರಂ

ಒತ್ತಕ್ಷರದ ವಿಷಯಕ್ಕೆ ಸೀಮಿತವಾಗಿ ಬರೆಯುತ್ತೇನೆ. ಯೂನಿಕೋಡ್ ಕನ್ನಡದಲ್ಲಿ ಕಡತದೊಳಗೆ ಇರುವುದು ವ್ಯಂಜನ, ವಿರಾಮ, ಸ್ವರಚಿಹ್ನೆ ಇವುಗಳ ಸಾಲು ಮಾತ್ರ. ‘ಪೂರ್ವ’ ಎಂಬಲ್ಲಿ ಅರ್ಕಾವೊತ್ತು ‘ವ’ಕಾರದ ಬಲಕ್ಕೆ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಪಠ್ಯವನ್ನು ಬಿಡಿಸುವ ತಂತ್ರಾಂಶ ಮತ್ತು ಫಾಂಟ್‌ನೊಳಗಿನ ನಿಯಮಗಳು. ಆ ನಿಯಮಗಳನ್ನು ಓದದ ತಂತ್ರಾಂಶ ಪ್ರತಿ ಸಂಕೇತಕ್ಕೂ ಒಂದೊಂದು ಆಕೃತಿಯನ್ನು ಸಾಲಾಗಿ ಇಟ್ಟುಬಿಡುತ್ತದೆ. ನೀವು ನೋಡಿದ್ದು ಅದನ್ನೇ.

ಗ್ನೂಪ್ಲಾಟ್‌ನ ಹೆಸರಿನಲ್ಲಿ ‘ಕೈರೋ’ ಇರುವ ಟರ್ಮಿನಲ್‌ಗಳು, ಎಂದರೆ ಪಿಡಿಎಫ್‌ಕೈರೋ, ಪಿಎನ್‌ಜಿಕೈರೋ ಮುಂತಾದವು, ಪಠ್ಯವನ್ನು ಪಾಂಗೋ ಎಂಬ ಗ್ರಂಥಾಲಯದ ಮೂಲಕ ಬಿಡಿಸುತ್ತವೆ. ಪಾಂಗೋ ಫಾಂಟ್‌ನ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಅನ್ನು ಬಳಸುವುದರಿಂದ ಕನ್ನಡ ಸರಿಯಾಗಿಯೇ ಬರುತ್ತದೆ. ಎಸ್‌ವಿಜಿ ಟರ್ಮಿನಲ್ ಹಾಗಲ್ಲ. ಅದು ಪಠ್ಯವನ್ನು ಪಠ್ಯವಾಗಿಯೇ ಬರೆದಿಟ್ಟು, ಜೋಡಿಸುವ ಹೊಣೆಯನ್ನು ತೆರೆಯುವವರಿಗೆ ಬಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಇದ್ದು ಮಾರ್ಗದರ್ಶಕರಲ್ಲಿ ಇಲ್ಲದಿದ್ದರೆ ಅಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಬಂದು ಕೂರುತ್ತದೆ. ಅಕ್ಷರಗಳು ಒಡೆಯದಿದ್ದರೂ ಅಗಲ ಬದಲಾಗಿ ಹೆಸರು ಚೌಕಟ್ಟಿನಿಂದ ಹೊರಗೆ ಚಾಚಬಹುದು.

ಆದ್ದರಿಂದ ಮೇಲಿನವರು ಹೇಳಿದ ‘ಟೆಕ್ಸ್ಟ್ ಟು ಪಾತ್’ ಆಯ್ಕೆ ಕನ್ನಡದ ಮಟ್ಟಿಗೆ ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ಇಂಕ್‌ಸ್ಕೇಪ್ ಕೂಡ ಪಾಂಗೋವನ್ನೇ ಬಳಸುತ್ತದೆ. ಅದು ಮೊದಲು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ, ಅನಂತರ ಆಕೃತಿಗಳನ್ನು ಬಾಹ್ಯರೇಖೆಗಳಾಗಿ ಬದಲಾಯಿಸುತ್ತದೆ. ಆಮೇಲೆ ಅದು ಅಕ್ಷರವಲ್ಲ, ಚಿತ್ರದ ಭಾಗ. ಯಾವ ಗಣಕದಲ್ಲಿ ಯಾವ ಫಾಂಟ್ ಇದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ಆದರೆ ಇದಕ್ಕೆ ಬೆಲೆಯೂ ಇದೆ. ಆ ಹೆಸರುಗಳನ್ನು ಪಿಡಿಎಫ್‌ನಲ್ಲಿ ಹುಡುಕಲಾಗುವುದಿಲ್ಲ, ತಿದ್ದಲೂ ಆಗುವುದಿಲ್ಲ. ಮಾರ್ಗದರ್ಶಕರು ‘ಆಳ’ದ ಬದಲು ‘ನೀರಿನ ಆಳ’ ಎಂದಿರಲಿ ಎಂದರೆ ಮತ್ತೆ ಗ್ನೂಪ್ಲಾಟ್‌ಗೆ ಹೋಗಬೇಕು. ಹುಡುಕಾಟಕ್ಕೆ ಬೇಕಾದ ಪದಗಳು ಚಿತ್ರದ ಕೆಳಗಿನ ಶೀರ್ಷಿಕೆಯಲ್ಲಿ ಬರುವಂತೆ ನೋಡಿಕೊಂಡರೆ ಸಾಕು.

ನೀವು ಮುಂದೆ ಪೈಥಾನ್‌ಗೆ ಹೋಗುವುದಾದರೆ ಒಂದು ಸೂಚನೆ. ಅಲ್ಲಿ ರೇಖಾಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಎಸ್‌ವಿಜಿ ಬರೆಯುವಾಗ ಪಠ್ಯವನ್ನು ತಾನೇ ಬಾಹ್ಯರೇಖೆ ಮಾಡುವುದು ಅದರ ಪೂರ್ವನಿಯೋಜಿತ ನಡತೆ. ಆದರೆ ಅದರ ಸಾಮಾನ್ಯ ಪಠ್ಯಜೋಡಣೆ ಬಹುಕಾಲ ಹಾರ್ಫ್‌ಬಜ್‌ನಂಥ ನೆರವಿಲ್ಲದೆ ನಡೆದಿದ್ದರಿಂದ, ಅಂಥ ಆವೃತ್ತಿಗಳಲ್ಲಿ ಒಡೆದ ಒತ್ತಕ್ಷರಗಳೇ ಬಾಹ್ಯರೇಖೆಗಳಾಗಿ ಶಾಶ್ವತವಾಗಿ ಕೂತುಬಿಡುತ್ತವೆ. ‘ಎಸ್‌ವಿಜಿ.ಫಾಂಟ್‌ಟೈಪ್’ ಎಂಬ ಆಯ್ಕೆಗೆ ‘ನನ್’ ಎಂದು ಕೊಟ್ಟರೆ ಪಠ್ಯ ಪಠ್ಯವಾಗಿ ಉಳಿಯುತ್ತದೆ, ಅನಂತರ ಇಂಕ್‌ಸ್ಕೇಪ್ ಅದನ್ನು ಸರಿಯಾಗಿ ಜೋಡಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಈಗ ಇಎಂಎಫ್ ಅನ್ನು ನೇರವಾಗಿ ಬರೆಯುವುದಿಲ್ಲ, ಹಾಗಾಗಿ ಇಂಕ್‌ಸ್ಕೇಪ್ ಹೇಗಿದ್ದರೂ ಬೇಕೇ ಬೇಕು.

ಪ್ರಬಂಧದ ಪಠ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿಸುವ ವಾಡಿಕೆ ಇನ್ನೂ ಕೆಲವು ಕಡೆ ಇದೆ. ರೇಖಾಚಿತ್ರದ ಹೆಸರುಗಳಿಗೆ ಮಾತ್ರ ಅದನ್ನು ಬಳಸಬೇಡಿ. ಅಲ್ಲಿ ಕನ್ನಡದ ಆಕೃತಿಗಳ ಹಿಂದೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ.

ಉತ್ತರ 4: ಡಿಟಿಪಿ ಕೆಲಸದವರು, ಚಾಮರಾಜಪೇಟೆ

ಮೇಲಿನ ಇಬ್ಬರೂ ಹೇಳಿದ್ದು ಶಾಸ್ತ್ರೀಯವಾಗಿ ಸರಿ. ಆದರೂ ಪ್ರಬಂಧಗಳ ಪುಟವಿನ್ಯಾಸ ಮಾಡುವವನಾಗಿ ನನ್ನ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಇಷ್ಟೆಲ್ಲ ಪರಿವರ್ತನೆಯ ಬದಲು ಪಿಎನ್‌ಜಿಕೈರೋದಲ್ಲಿ 16 ಸೆಂ.ಮೀ. ಅಗಲಕ್ಕೆ ಸುಮಾರು 3,800 ಪಿಕ್ಸೆಲ್ ಇರುವಂತೆ ಬರೆಸಿ, ಅಕ್ಷರದ ಗಾತ್ರವನ್ನೂ ಗೆರೆಯ ದಪ್ಪವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಅಂಗುಲಕ್ಕೆ 600 ಬಿಂದು ಸಿಗುತ್ತದೆ. ಸಾಮಾನ್ಯ ಲೇಸರ್ ಮುದ್ರಣದಲ್ಲಿ ಇದನ್ನು ವೆಕ್ಟರ್‌ನಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಕನ್ನಡವೂ ಸರಿಯಾಗಿ ಬರುತ್ತದೆ, ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ರೀತಿ ಕಾಣುತ್ತದೆ.

ಆದರೆ ಇದನ್ನು ಮಾಡುವವರು ವರ್ಡ್‌ನ ಒಂದು ಅಭ್ಯಾಸವನ್ನು ತಿಳಿದಿರಬೇಕು. ಉಳಿಸುವಾಗ ಅದು ಚಿತ್ರಗಳನ್ನು ತಾನಾಗಿ ಕುಗ್ಗಿಸುತ್ತದೆ; ಸಾಮಾನ್ಯ ಮಿತಿ ಅಂಗುಲಕ್ಕೆ 220 ಪಿಕ್ಸೆಲ್. ನಿಮ್ಮ 3,800 ಪಿಕ್ಸೆಲ್ ಚಿತ್ರ ಒಮ್ಮೆ ಉಳಿಸಿದ ಮೇಲೆ 1,400ರ ಆಸುಪಾಸಿಗೆ ಇಳಿದಿರುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಎಂದು ಹೋಗಿ, ಚಿತ್ರದ ಗಾತ್ರ ಮತ್ತು ಗುಣಮಟ್ಟದ ಭಾಗದಲ್ಲಿ ‘ಚಿತ್ರಗಳನ್ನು ಕುಗ್ಗಿಸಬೇಡ’ ಎಂಬ ಅರ್ಥದ ಆಯ್ಕೆಗೆ ಗುರುತು ಹಾಕಬೇಕು. ಈ ಆಯ್ಕೆ ಆಯಾ ಕಡತಕ್ಕೆ ಸಂಬಂಧಿಸಿದ್ದು, ಹೊಸ ಕಡತ ತೆರೆದಾಗ ಮತ್ತೆ ನೋಡಿಕೊಳ್ಳಬೇಕು. ನಮ್ಮಲ್ಲಿಗೆ ಬರುವ ಕಡತಗಳಲ್ಲಿ ಚಿತ್ರ ಮಸುಕಾಗಿರುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ, ರೂಪದ ಆಯ್ಕೆಯಲ್ಲ.

ಉತ್ತರ 5: ತಾಂತ್ರಿಕ ಬರಹಗಾರ, ಜಯನಗರ

ಚಿತ್ರ ಕುಗ್ಗಿಸುವ ಅಭ್ಯಾಸದ ಬಗ್ಗೆ ಡಿಟಿಪಿಯವರು ಹೇಳಿದ್ದು ಬಹಳ ಮುಖ್ಯವಾದ ಮಾತು. ಆದರೆ ಪ್ರಬಂಧ ಕಾಗದದಲ್ಲಿಯೇ ನಿಲ್ಲುವುದಾಗಿದ್ದರೆ ನಾನೂ ಅವರ ಪಕ್ಷ ಸೇರುತ್ತಿದ್ದೆ. ಶೋಧಗಂಗಾದಲ್ಲಿ ಪಿಡಿಎಫ್ ಇಳಿಸಿಕೊಳ್ಳುವ ಮುಂದಿನ ಸಂಶೋಧಕರು ಒಂದು ಬಾವಿಯ ಒಂದು ವರ್ಷದ ಏರಿಳಿತವನ್ನು ನೋಡಲು ಎಂಟು ಪಟ್ಟು ಹಿಗ್ಗಿಸುತ್ತಾರೆ. ಕೆಲವರು ವಕ್ರರೇಖೆಯಿಂದ ಅಂಕಿಗಳನ್ನು ಮರಳಿ ಅಳೆದುಕೊಳ್ಳುತ್ತಾರೆ. ಅಲ್ಲಿ ಅಂಗುಲಕ್ಕೆ 600 ಬಿಂದು ಸಾಲದು. ಮೇಲಾಗಿ ಅಂಥ ಹತ್ತಾರು ದೊಡ್ಡ ಪಿಎನ್‌ಜಿಗಳು ಸೇರಿದ ಕಡತವನ್ನು ಪ್ರತಿ ಸಲ ಮಾರ್ಗದರ್ಶಕರಿಗೆ ಇಮೇಲ್ ಮಾಡುವುದೂ ಹೊರೆಯೇ.

ಆದರೆ ಒಂದು ಲಕ್ಷ ಬಿಂದುಗಳ ಆ ಒಂದು ಚಿತ್ರಕ್ಕೆ ಮಾತ್ರ ಅವರ ಸಲಹೆಯೇ ಸರಿ. ವೆಕ್ಟರ್ ರೂಪದಲ್ಲಿ ಪ್ರತಿ ಬಿಂದುವೂ ಒಂದು ಪ್ರತ್ಯೇಕ ವಸ್ತು. ಪುಟ ಸರಿಸಿದಾಗಲೆಲ್ಲ ವರ್ಡ್ ಅಷ್ಟನ್ನೂ ಮತ್ತೆ ಬಿಡಿಸಬೇಕು. ಒಂದರ ಮೇಲೊಂದು ಬಿದ್ದು ಕಾಣದೇ ಹೋಗಿರುವ ಬಿಂದುಗಳನ್ನೂ ಅದು ಬಿಡುವುದಿಲ್ಲ. ಮೊದಲು ಆ ಚಿತ್ರ ಏನನ್ನು ಹೇಳಬೇಕು ಎಂದು ಯೋಚಿಸಿ. ಸಾಂದ್ರತೆಯನ್ನು ತೋರಿಸುವುದಾದರೆ ಬಿಂದುಗಳ ಬದಲು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೆ ಬಣ್ಣ ಕೊಡುವುದು ಓದುಗರಿಗೂ ಹೆಚ್ಚು ಸ್ಪಷ್ಟ. ಪ್ರವೃತ್ತಿಯನ್ನು ತೋರಿಸುವುದಾದರೆ ‘ಎವ್ರಿ’ ಎಂಬ ಆಯ್ಕೆಯಿಂದ ಬಿಂದುಗಳನ್ನು ತೆಳುವಾಗಿಸಬಹುದು. ಹಾಗೆ ಮಾಡಿದ್ದನ್ನು ಶೀರ್ಷಿಕೆಯಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಅದು ಪ್ರಾಮಾಣಿಕವಲ್ಲ. ಎಲ್ಲ ಬಿಂದುಗಳೂ ಬೇಕೇ ಬೇಕು ಎಂದಾದರೆ ಅಂಗುಲಕ್ಕೆ 600 ಬಿಂದುವಿನ ಪಿಎನ್‌ಜಿ ಇರಲಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ರಾಸ್ಟರೈಸ್‌ಡ್’ ಎಂಬ ಗುಣವನ್ನು ಬಿಂದುಗಳಿಗೆ ಮಾತ್ರ ಕೊಟ್ಟರೆ ಬಿಂದುಗಳ ರಾಶಿ ಬಿಂದುಚಿತ್ರವಾಗಿಯೂ, ಅಕ್ಷ ಮತ್ತು ಅಕ್ಷರಗಳು ವೆಕ್ಟರ್ ಆಗಿಯೂ ಒಂದೇ ಕಡತದಲ್ಲಿ ಬರುತ್ತವೆ. ಇದು ಎರಡೂ ಪಕ್ಷಗಳಿಗೆ ಒಪ್ಪಿಗೆಯಾಗಬಹುದಾದ ರಾಜಿ.

ಬಣ್ಣದ ಚೌಕಗಳ ಚಿತ್ರವನ್ನು ವೆಕ್ಟರ್ ಆಗಿ ಬರೆಸಿದಾಗ ಚೌಕಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಗಳು ಕಂಡರೆ ಗಾಬರಿಪಡಬೇಡಿ. ಪಕ್ಕಪಕ್ಕದ ಆಕೃತಿಗಳ ಅಂಚನ್ನು ತಂತ್ರಾಂಶ ಬೇರೆ ಬೇರೆಯಾಗಿ ನಯಗೊಳಿಸುವುದರಿಂದ ಹಿನ್ನೆಲೆಯ ಬಿಳುಪು ಇಣುಕುತ್ತದೆ. ‘ವಿತ್ ಇಮೇಜ್’ ಎಂದು ಬರೆಸಿದರೆ ಅದು ಒಂದೇ ಬಿಂದುಚಿತ್ರವಾಗಿ ಸೇರುವುದರಿಂದ ಈ ತೊಂದರೆ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೊದಲ ಅಧ್ಯಾಯದ ಚಿತ್ರಗಳನ್ನು ಎಸ್‌ವಿಜಿಯಿಂದ ಇಂಕ್‌ಸ್ಕೇಪ್ ಮೂಲಕ ಇಎಂಎಫ್ ಮಾಡಿ ಸೇರಿಸಿದೆ. ಜಿಪ್ ಬಿಚ್ಚಿ ನೋಡಿದಾಗ ‘ಮೀಡಿಯಾ’ ಫೋಲ್ಡರ್‌ನಲ್ಲಿ ಇಎಂಎಫ್‌ಗಳೇ ಇವೆ. ಮಾರ್ಗದರ್ಶಕರು ತಿದ್ದಿ ಮರಳಿಸಿದ ಕಡತದಲ್ಲಿಯೂ ಹಾಗೆಯೇ ಇವೆ. ಅವರ ಗಣಕದಲ್ಲಿ ಮಾಡಿಸಿದ ಪಿಡಿಎಫ್‌ನ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಲಾಂಛನವೊಂದನ್ನು ಬಿಟ್ಟರೆ ಬೇರೆ ಬಿಂದುಚಿತ್ರ ಇಲ್ಲ. ‘ಪೂರ್ವ’ದ ಅರ್ಕಾವೊತ್ತು ಎರಡೂ ಕಡೆ ಸರಿಯಾಗಿದೆ. ಲಕ್ಷ ಬಿಂದುಗಳ ಚಿತ್ರವನ್ನು ಸಾಂದ್ರತೆಯ ಚೌಕಗಳಾಗಿ ಬದಲಾಯಿಸುತ್ತಿದ್ದೇನೆ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಹೊಸ ತಿಂಗಳ ಅಳತೆಗಳು ಬಂದಾಗ ಎಲ್ಲ ಚಿತ್ರಗಳನ್ನೂ ಮತ್ತೆ ಬರೆಸಬೇಕಾಗುತ್ತದೆ. ಪ್ರತಿಯೊಂದನ್ನೂ ಅಳಿಸಿ ಮತ್ತೆ ಸೇರಿಸುವುದನ್ನು ತಪ್ಪಿಸಬಹುದೇ?

ಉತ್ತರ 6: ಡಿಟಿಪಿ ಕೆಲಸದವರು, ಚಾಮರಾಜಪೇಟೆ

ತಪ್ಪಿಸಬಹುದು. ವಿಂಡೋಸ್ ವರ್ಡ್‌ನಲ್ಲಿ ಚಿತ್ರ ಸೇರಿಸುವ ಕಿಟಕಿಯ ‘ಇನ್ಸರ್ಟ್’ ಗುಂಡಿಯ ಪಕ್ಕದ ಬಾಣವನ್ನು ಒತ್ತಿದರೆ ‘ಇನ್ಸರ್ಟ್ ಆ್ಯಂಡ್ ಲಿಂಕ್’ ಎಂದು ಇರುತ್ತದೆ. ಹಾಗೆ ಸೇರಿಸಿದ ಚಿತ್ರಕ್ಕೆ ಮೂಲ ಕಡತದ ಜೊತೆ ಕೊಂಡಿ ಇರುತ್ತದೆ; ಅದೇ ಹೆಸರಿನಲ್ಲಿ ಹೊಸ ಇಎಂಎಫ್ ಇಟ್ಟು, ಕಂಟ್ರೋಲ್ ಮತ್ತು ‘ಎ’ ಒತ್ತಿ ಎಲ್ಲವನ್ನೂ ಆಯ್ದು, ಎಫ್9 ಒತ್ತಿದರೆ ಚಿತ್ರಗಳು ಹೊಸದಾಗುತ್ತವೆ. ಪರಿವಿಡಿ ಮತ್ತು ಚಿತ್ರಗಳ ಕ್ರಮಸಂಖ್ಯೆಯೂ ಆಗಲೇ ಹೊಸದಾಗುವುದರಿಂದ ಪುಟಸಂಖ್ಯೆಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಕಡತವನ್ನು ಮಾರ್ಗದರ್ಶಕರಿಗೆ ಕಳುಹಿಸುವ ಮುನ್ನ ಕೊಂಡಿಗಳ ಪಟ್ಟಿಯನ್ನು ತೆರೆದು, ಚಿತ್ರವನ್ನು ಕಡತದಲ್ಲಿಯೇ ಉಳಿಸುವ ಆಯ್ಕೆಗೆ ಗುರುತು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನ ಫೋಲ್ಡರ್ ಅವರ ಗಣಕದಲ್ಲಿ ಸಿಗದೆ, ಚಿತ್ರದ ಜಾಗದಲ್ಲಿ ಖಾಲಿ ಚೌಕ ಬರುತ್ತದೆ.